ಕೇಳಿದವರಿಗಷ್ಟೇ ಬಡಿಸುವ ಹೈಸ್ಕೂಲು: ನಾಲ್ಕು ವರ್ಷದ ಬಳಕೆಯ ನಂತರ

ಅಮೆರಿಕದ ಸಬರ್ಬಿನ ಪಬ್ಲಿಕ್ ಹೈಸ್ಕೂಲು, ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ. ಸೌಲಭ್ಯಕ್ಕೆ ಐದಕ್ಕೆ ಐದು. ಇರುವ ಸೌಲಭ್ಯವನ್ನು ಮನೆಗೆ ತಿಳಿಸುವುದಕ್ಕೆ ಐದಕ್ಕೆ ಎರಡು. ಫೀಸಿಲ್ಲ ನಿಜ, ಹಾಗಂತ ಪುಕ್ಕಟೆಯಲ್ಲ. ಬಹಳಷ್ಟು ಕಡೆ ಆಸ್ತಿ ತೆರಿಗೆಯ ದೊಡ್ಡ ಪಾಲು ಶಾಲೆಗೇ ಹೋಗುತ್ತದೆ. ಓದುವ ಮಕ್ಕಳಿಲ್ಲದ ಮನೆಯವರೂ ಕಟ್ಟುತ್ತಾರೆ.

ಸೇರಿಸುವುದು ಕಷ್ಟವಲ್ಲ. ವಿಳಾಸಕ್ಕೆ ಲೀಸ್ ಅಥವಾ ಕರೆಂಟ್ ಬಿಲ್, ವಯಸ್ಸಿಗೆ ಪಾಸ್‌ಪೋರ್ಟ್, ಹಿಂದಿನ ಅಂಕಪಟ್ಟಿ, ಲಸಿಕೆ ಕಾರ್ಡು. ವಲಸೆಯ ಕಾಗದಪತ್ರವಿಲ್ಲವೆಂದು ಮಗುವನ್ನು ಹೊರಗಿಡುವಂತಿಲ್ಲ ಎಂದು 1982ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಯಾವ ಶಾಲೆ ಎಂಬುದನ್ನು ಮನೆಯ ವಿಳಾಸವೇ ನಿರ್ಧರಿಸುತ್ತದೆ: ಒಂದೇ ರಸ್ತೆಯ ಎಡಬದಿ ಒಂದು ಶಾಲೆಗೆ, ಬಲಬದಿ ಇನ್ನೊಂದಕ್ಕೆ ಸೇರಿರಬಹುದು. ಮನೆ ಮಾರುವ ವೆಬ್‌ಸೈಟಿನಲ್ಲಿ ಬರೆದದ್ದನ್ನು ನಂಬದೆ, ಸ್ಕೂಲ್ ಡಿಸ್ಟ್ರಿಕ್ಟ್‌ನ (ಆ ಭಾಗದ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಸೈಟಿನಲ್ಲಿ ಮನೆ ನಂಬರು ಹಾಕಿ ನೋಡಿ, ಆಮೇಲೆ ಲೀಸಿಗೆ ಸಹಿ ಹಾಕಿ.

ಭಾರತದಿಂದ ಬಂದವರು ಎಡವುವುದು ಲಸಿಕೆ ಕಾರ್ಡಿನಲ್ಲಿ. ಒಂಬತ್ತನೇ ತಿಂಗಳಲ್ಲಿ ಹಾಕಿಸಿದ ದಡಾರದ ಚುಚ್ಚುಮದ್ದು ಇಲ್ಲಿ ಲೆಕ್ಕಕ್ಕಿಲ್ಲ; ವರ್ಷ ತುಂಬಿದ ಮೇಲಿನದ್ದೇ ಬೇಕು. ಇನ್ನೊಂದು ತಕರಾರು ತಾರೀಖಿನದು. ಕಾರ್ಡಿನಲ್ಲಿ 05/08 ಎಂದಿದ್ದರೆ ನಮಗೆ ಆಗಸ್ಟ್ ಐದು, ಇಲ್ಲಿನ ನರ್ಸಿಗೆ ಮೇ ಎಂಟು. ಮೂರು ತಿಂಗಳು ಹಿಂದಕ್ಕೆ ಹೋದ ಡೋಸು 'ಅವಧಿಗೆ ಮುಂಚೆ ಕೊಟ್ಟದ್ದು' ಎನಿಸಿಕೊಂಡು ಮತ್ತೆ ಚುಚ್ಚಿಸಿಕೊಳ್ಳುವ ಪ್ರಸಂಗ ಬರುತ್ತದೆ. ಹೊರಡುವ ಮುನ್ನವೇ ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಸಿಕೊಂಡು ಬನ್ನಿ.

ಇನ್ನು ಗಣಿತ. ಈ ವ್ಯವಸ್ಥೆಯ ಅತಿ ದೊಡ್ಡ ದೋಷ ಇಲ್ಲಿದೆ. ಆಲ್ಜೀಬ್ರಾ ಒಂದು, ಜಾಮೆಟ್ರಿ, ಆಲ್ಜೀಬ್ರಾ ಎರಡು, ಪ್ರೀ-ಕ್ಯಾಲ್ಕುಲಸ್, ಕ್ಯಾಲ್ಕುಲಸ್: ಐದು ಮೆಟ್ಟಿಲು, ವರ್ಷಕ್ಕೊಂದು. ಹೈಸ್ಕೂಲಿರುವುದು ನಾಲ್ಕೇ ವರ್ಷ. ಅಂದರೆ ಹನ್ನೆರಡನೇ ಕ್ಲಾಸಿಗೆ ಕ್ಯಾಲ್ಕುಲಸ್ ಬೇಕಾದರೆ ಮೊದಲ ಮೆಟ್ಟಿಲನ್ನು ಎಂಟನೇ ಕ್ಲಾಸಿನಲ್ಲೇ ಹತ್ತಿರಬೇಕು. ಆ ತೀರ್ಮಾನ ಬಹುಪಾಲು ಡಿಸ್ಟ್ರಿಕ್ಟ್‌ಗಳಲ್ಲಿ ಆರನೇ ಅಥವಾ ಏಳನೇ ಕ್ಲಾಸಿನ ಪರೀಕ್ಷೆಯೊಂದರ ಮೇಲೆ ಆಗಿಹೋಗುತ್ತದೆ, ಹೈಸ್ಕೂಲಿನ ಮುಖ ನೋಡುವ ಮೊದಲೇ. ಎಂಜಿನಿಯರಿಂಗಿಗೆ ಅರ್ಜಿ ಹಾಕುವಾಗ ಮಾತ್ರ ಇದು ಮನೆಯವರ ಗಮನಕ್ಕೆ ಬರುತ್ತದೆ. ಹಿಂದೆ ಬಿದ್ದಿದ್ದರೆ ದಾರಿ ಎರಡು. ಹತ್ತನೇ ಕ್ಲಾಸಿನಲ್ಲಿ ಜಾಮೆಟ್ರಿಯನ್ನೂ 'ಆಲ್ಜೀಬ್ರಾ ಎರಡು' ಕೋರ್ಸನ್ನೂ ಒಟ್ಟಿಗೆ ತೆಗೆದುಕೊಳ್ಳುವುದು ಒಂದು. ಇದರಿಂದ ಒಂದು ಐಚ್ಛಿಕ ವಿಷಯ ಕೈಬಿಡುತ್ತದೆ. ಬೇಸಿಗೆ ರಜೆಯಲ್ಲಿ ಒಂದು ಕೋರ್ಸು ಮುಗಿಸುವುದು ಇನ್ನೊಂದು. ಹೊರಗಿನ ಆನ್‌ಲೈನ್ ಕೋರ್ಸಾದರೆ, ಅದರ ಕ್ರೆಡಿಟ್ ಒಪ್ಪುತ್ತೇವೆಂದು ಕೌನ್ಸೆಲರಿಂದ (ವಿಷಯ ಆರಿಸಲು ನೆರವಾಗುವ ಶಾಲೆಯ ಸಲಹೆಗಾರರು) ಬರವಣಿಗೆಯಲ್ಲಿ ಪಡೆದ ಮೇಲೆಯೇ ದುಡ್ಡು ಕಟ್ಟಿ. ಆರು ವಾರ ಕೂತು ಓದಿದ್ದು ಶಾಲೆಯ ಅಧಿಕೃತ ಅಂಕದಾಖಲೆಯಾದ ಟ್ರಾನ್ಸ್‌ಕ್ರಿಪ್ಟಿಗೆ ಏರದೆ ಉಳಿಯುವುದು ಅಪರೂಪವೇನಲ್ಲ.

ಕೌನ್ಸೆಲರುಗಳನ್ನು ಬೈದು ಪ್ರಯೋಜನವಿಲ್ಲ. ಅವರದೇ ರಾಷ್ಟ್ರೀಯ ಸಂಘದ ಶಿಫಾರಸು ಒಬ್ಬರಿಗೆ 250 ವಿದ್ಯಾರ್ಥಿಗಳು. ವಾಸ್ತವದಲ್ಲಿ ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ. ಮುಂದಿನ ವರ್ಷದ ವಿಷಯ ಆರಿಸುವ ಕಾಲ ಸಾಮಾನ್ಯವಾಗಿ ಜನವರಿ-ಫೆಬ್ರವರಿ. ಅದಕ್ಕೂ ಮುಂಚೆ, ಡಿಸೆಂಬರಿನಲ್ಲೇ ಒಂದು ಚಿಕ್ಕ ಇಮೇಲ್ ಹಾಕಿ: ವಿದ್ಯಾರ್ಥಿಯ ಐಡಿ ನಂಬರು, ಒಂದೇ ಒಂದು ಪ್ರಶ್ನೆ. ಪುಟಗಟ್ಟಲೆ ಬರೆದರೆ 'ಆಮೇಲೆ ನೋಡೋಣ' ಎಂದು ಪಕ್ಕಕ್ಕಿಡುತ್ತಾರೆ.

ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ವಿಷಯ) ತರಗತಿಗಳು ಚೆನ್ನಾಗಿಯೇ ನಡೆಯುತ್ತವೆ. ಆದರೆ ತರಗತಿಗೆ ಸೇರಿದರೆ ಪರೀಕ್ಷೆಗೆ ಹೆಸರು ಕೊಟ್ಟ ಹಾಗಾಗುವುದಿಲ್ಲ. ಪರೀಕ್ಷೆ ಮೇ ತಿಂಗಳಲ್ಲಿ, ನೋಂದಣಿ ಮುಗಿಯುವುದು ಹಿಂದಿನ ನವೆಂಬರಿನಲ್ಲಿ. ತಡವಾದರೆ ದಂಡ.

ಕಲಿಕೆಯಲ್ಲಿ ತೊಂದರೆಯಿರುವ ಮಗುವಿದ್ದರೆ ಮೌಲ್ಯಮಾಪನದ ಕೋರಿಕೆಯನ್ನು ಬಾಯಲ್ಲಿ ಹೇಳಬೇಡಿ, ತಾರೀಖು ಹಾಕಿ ಬರೆದುಕೊಡಿ. ನೀವು ಒಪ್ಪಿಗೆಗೆ ಸಹಿ ಹಾಕಿದ ದಿನದಿಂದ 60 ದಿನ ಎಂಬುದು ಫೆಡರಲ್ ನಿಯಮ. ರಾಜ್ಯಕ್ಕೆ ಬೇರೆ ಗಡುವಿದ್ದರೆ ಅದು. ಮೌಲ್ಯಮಾಪನದ ನಂತರ ಮಗುವಿನ ಬಗ್ಗೆ ಶಾಲೆ ಕರೆಯುವ ಸಭೆಗೆ ಕನ್ನಡ ದುಭಾಷಿ ಬೇಕೆಂದು ಕೇಳುವ ಹಕ್ಕೂ ಉಂಟು. ಕೇಳುವವರೇ ಕಮ್ಮಿ.

ಊರಿಗೂ ಶಾಲೆಗೂ ಇರುವ ನಂಟು ನೋಡಬೇಕಾದರೆ ಸೆಪ್ಟೆಂಬರಿನ ಶುಕ್ರವಾರ ಸಂಜೆ ಫುಟ್‌ಬಾಲ್ ಮೈದಾನಕ್ಕೆ ಹೋಗಿ. ಮಕ್ಕಳು ಎಂದೋ ಕಾಲೇಜು ಮುಗಿಸಿದವರೂ ಕಂಬಳಿ ಹೊದ್ದು ಕೂತಿರುತ್ತಾರೆ. ಬ್ಯಾಂಡಿನ ಖರ್ಚಿಗಾಗಿ ತಂದೆ-ತಾಯಂದಿರು ಹಾಟ್ ಡಾಗ್ ಮಾರುತ್ತಿರುತ್ತಾರೆ. ಈ ಶುಕ್ರವಾರವನ್ನು ವೃತ್ತಿಪರ ಫುಟ್‌ಬಾಲಿನ ಟಿವಿ ಪ್ರಸಾರ ನುಂಗದಿರಲೆಂದು ಫೆಡರಲ್ ಕಾಯ್ದೆಯಲ್ಲೇ ತಡೆ ಹಾಕಿದ್ದಾರೆ.

ಬಸ್ಸು, ಲೈಬ್ರರಿ, ಲ್ಯಾಬು: ದೂರಿಲ್ಲ. ಬೆಳಗಿನ ಹೊತ್ತಿನ ಬಗ್ಗೆ ದೂರಿದೆ. 8.30ಕ್ಕಿಂತ ಮೊದಲು ಶುರು ಮಾಡಬೇಡಿ ಎಂದು ಮಕ್ಕಳ ವೈದ್ಯರ ಸಂಘ 2014ರಲ್ಲೇ ಹೇಳಿದ್ದರೂ ಎಷ್ಟೋ ಕಡೆ ಇನ್ನೂ ಏಳೂವರೆಗೇ ಗಂಟೆ. ಕಾರಣ ಬಸ್ಸು: ಅದೇ ಗಾಡಿ ಹೈಸ್ಕೂಲಿನವರನ್ನು ಇಳಿಸಿ ಪ್ರೈಮರಿಯವರನ್ನು ತರಲು ಹೋಗಬೇಕು.

ಹೊಸ ಸ್ಟೇಡಿಯಂಗೆ ದುಡ್ಡಿದೆ, ಟೀಚರ್ ಸಂಬಳಕ್ಕಿಲ್ಲವೇ ಎಂಬ ಗೊಣಗಾಟ ಎಲ್ಲೆಡೆ ಇದ್ದದ್ದೇ. ಕಟ್ಟಡಕ್ಕೆಂದು ಮತ ಹಾಕಿ ಎತ್ತಿದ ಬಾಂಡ್ ಸಾಲದ ಹಣವನ್ನು ಸಂಬಳಕ್ಕೆ ತಿರುಗಿಸುವಂತಿಲ್ಲ. ಎರಡೂ ಬೇರೆ ಬೇರೆ ಹುಂಡಿ. ತಕರಾರಿದ್ದರೆ ಸ್ಕೂಲ್ ಬೋರ್ಡ್ ಸಭೆಗೆ ಹೋಗಿ. ಸಾರ್ವಜನಿಕರಿಗೆ ಸಾಮಾನ್ಯವಾಗಿ ಎರಡು-ಮೂರು ನಿಮಿಷ ಸಿಗುತ್ತದೆ. ಹೆಸರಿನ ಚೀಟಿಯನ್ನು ಸಭೆ ಶುರುವಾಗುವ ಮೊದಲೇ ಕೊಟ್ಟಿರಬೇಕು.