ಸರ್ಜರಿ ಪೀಜಿ ಸೀಟು ಆರಿಸುವ ಮುಂಚೆ ಅಲ್ಲಿನ ಗ್ಲೌಸ್ ಸೈಜ್ ಕೇಳಿ

ಎಂಬಿಬಿಎಸ್ ಮುಗಿಸಿ, ಪೀಜಿಗೆ ಯಾವ ಕಾಲೇಜಿನ ಯಾವ ಸೀಟು ಬೇಕು ಅಂತ ಪಟ್ಟಿ ತುಂಬುವ ಆಪ್ಷನ್ ಎಂಟ್ರಿ ಹಾಕಲು ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಜನರಲ್ ಸರ್ಜರಿಯೇ ಬೇಕು ಅಂತ ಹಟ ಹಿಡಿದಿರುವ ಹುಡುಗಿಯರಿಗೆ, ಮೀಸಲು ಸೀಟಿನಲ್ಲಿ ಬರುವವರಿಗೆ. ನಾನು ಎರಡೂ ಹೌದು. ಈಗ ಮೂರನೇ ವರ್ಷ. ಕಾಲೇಜಿನ ಹೆಸರು ಹೇಳಲ್ಲ. ನನ್ನ ಪರೀಕ್ಷೆ ಇನ್ನೂ ಮುಗಿದಿಲ್ಲ, ಅಷ್ಟು ಹೇಳಿದರೆ ಸಾಕಲ್ವಾ?

ಸೇರುವ ಮುಂಚೆ ನಾನೂ ವಿಚಾರಿಸಿದ್ದೆ. ಸ್ಟೈಪೆಂಡ್ ಸರಿಯಾಗಿ ಬರುತ್ತಾ, ಹಾಸ್ಟೆಲ್ ಹೇಗಿದೆ, ಕೇಸ್ ಜಾಸ್ತಿ ಇದೆಯಾ. "ಕೇಸ್‌ಗೇನೂ ಬರ ಇಲ್ಲ, ಓಟಿ (ಆಪರೇಷನ್ ಥಿಯೇಟರ್) ದಿನ ಊಟಕ್ಕೂ ಪುರುಸೊತ್ತಿರಲ್ಲ" ಅಂದರು. ನಿಜವೇ. ಆ ಕೇಸುಗಳನ್ನು ಯಾರ ಕೈಗೆ ಕೊಡುತ್ತಾರೆ ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಮೊದಲ ವಾರ ಡ್ಯೂಟಿ ರೂಮಿನಲ್ಲಿ ಸೀನಿಯರ್ ಒಬ್ಬರು ಟೀ ಕುಡಿಯುತ್ತಾ, "ರ‍್ಯಾಂಕ್ ಎಷ್ಟು ಬಂದಿತ್ತು ಡಾಕ್ಟ್ರೇ?" ಅಂದರು. ಕೇಳೋಕೆ ನಯವಾಗಿದೆ. ಆದರೆ ಇದು ಜಾತಿ ಕೇಳುವ ಪ್ರಶ್ನೆ. ನಾನು ಸುಮ್ನೆ ನಕ್ಕೆ. ಅವರು ನನ್ನೆದುರೇ ಫೋನ್ ತೆಗೆದು ಅಲಾಟ್‌ಮೆಂಟ್ ಪಟ್ಟಿಯ ಪಿಡಿಎಫ್‌ನಲ್ಲಿ ನನ್ನ ಹೆಸರು ಹುಡುಕಿದರು. ಪಕ್ಕದ ಕಾಲಮ್‌ನಲ್ಲಿ ಎಸ್‌ಸಿ ಅಂತಿತ್ತು. "ಓ, ಹಂಗಾ" ಅಂದು ಬಿಸ್ಕತ್ತು ಅದ್ದಿಕೊಂಡರು. ಅಷ್ಟೇ. ಯಾರೂ ಬೈಯಲಿಲ್ಲ. ಆದರೆ ಆವತ್ತಿನಿಂದ ನನ್ನ ಬ್ಯಾಚಿನ ಕೋ-ಪೀಜಿ ರಕ್ತನಾಳಕ್ಕೆ ಕ್ಯಾನುಲಾ ಹಾಕುವಾಗ ಎರಡು ಸಲ ತಪ್ಪಿದರೆ "ನಿದ್ದೆಗೆಟ್ಟಿದ್ದಾನೆ ಪಾಪ", ನಾನು ಒಂದು ಸಲ ತಪ್ಪಿದರೆ "ರ‍್ಯಾಂಕ್ ನೋಡಿದ್ರಲ್ಲ".

ಇನ್ನು ಗ್ಲೌಸ್ ವಿಷಯ. ನನ್ನ ಕೈಗೆ ಆರು ನಂಬರ್ ಬೇಕು. ನಮ್ಮ ಓಟಿಯಲ್ಲಿ ಇದ್ದದ್ದು ಏಳು ಮತ್ತು ಏಳೂವರೆ. ಚೀಫ್‌ಗಳೆಲ್ಲ ಗಂಡಸರು, ಇಂಡೆಂಟ್ (ಬೇಕಾದ ಸಾಮಾನಿನ ಪಟ್ಟಿ) ಹಾಕುವವರು ಮೊದಲಿಂದ ಅದನ್ನೇ ಹಾಕಿಕೊಂಡು ಬಂದಿದ್ದಾರೆ. ಏಳು ಹಾಕಿಕೊಂಡರೆ ನನ್ನ ಬೆರಳ ತುದಿಯಲ್ಲಿ ರಬ್ಬರ್ ಜೋಲುತ್ತೆ. ಗಂಟು ಹಾಕುವಾಗ ಅದು ದಾರದ ಜೊತೆ ಸಿಕ್ಕಿಕೊಳ್ಳುತ್ತೆ, ಬಿಡಿಸಿಕೊಳ್ಳುವಷ್ಟರಲ್ಲಿ ಗಂಟು ಸಡಿಲ, ಎಳೆದರೆ ಗ್ಲೌಸೇ ಹರಿಯುತ್ತೆ. ಹಾಸ್ಟೆಲ್‌ನಲ್ಲಿ ಮಂಚದ ಕಾಲಿಗೆ ದಾರ ಕಟ್ಟಿಕೊಂಡು ರಾತ್ರಿಯೆಲ್ಲ ಗಂಟು ಹಾಕಿ ಕಲಿತವಳು ನಾನು (ರೂಮ್‌ಮೇಟ್ ಎರಡು ಸಲ ಎಡವಿ ಬಿದ್ದಿದ್ದಾಳೆ). ಚೀಫ್ ಒಂದು ದಿನ ಇಡೀ ಓಟಿಗೆ ಕೇಳುವ ಹಾಗೆ, "ಈ ಹುಡುಗಿಗೆ ಗಂಟು ಹಾಕೋಕೇ ಬರಲ್ಲ. ಡರ್ಮಾ (ಚರ್ಮರೋಗ ವಿಭಾಗ) ತಗೊಂಡು ಆರಾಮಾಗಿ ಇರಬಹುದಿತ್ತಲ್ಲಮ್ಮ" ಅಂದರು. ಆಸ್ಪತ್ರೆ ಎದುರಿನ ಮೆಡಿಕಲ್ ಶಾಪ್‌ನಿಂದ ನನ್ನ ದುಡ್ಡಲ್ಲೇ ಆರು ನಂಬರ್ ತಂದೆ. "ಹೊರಗಿನದ್ದು ಟೇಬಲ್ ಮೇಲೆ ತೆಗೆಯೋ ಹಾಗಿಲ್ಲ ಮೇಡಂ" ಅಂದರು ಸಿಸ್ಟರ್. ಅದಕ್ಕೆ ಪರ್ಮಿಷನ್ ಸಿಗುವಷ್ಟರಲ್ಲಿ ಎರಡು ತಿಂಗಳು ಆಯಿತು. ಅಷ್ಟರಲ್ಲಿ ನನ್ನ ಕೈ ಸರಿಯಿಲ್ಲ ಅನ್ನೋ ಮಾತು ಎಲ್ಲ ಯೂನಿಟ್‌ಗೂ ಹೋಗಿ ಮುಟ್ಟಿತ್ತು.

ಬಟ್ಟೆ ಬದಲಿಸುವ ಕೋಣೆಯದ್ದೂ ಇಂಥದ್ದೇ ಕಥೆ. 'ಸರ್ಜನ್ಸ್ ರೂಮ್' ಅಂತ ಬೋರ್ಡ್ ಇರುವುದು ಗಂಡಸರ ಕೋಣೆಗೆ. ನಾವು ಹುಡುಗಿಯರು ನರ್ಸ್‌ಗಳ ಕೋಣೆಯಲ್ಲಿ ಬದಲಿಸಬೇಕು. ಅದರಲ್ಲೇನು ತೊಂದರೆ ಅಂತ ನನಗೂ ಮೊದಲು ಅನ್ನಿಸಿತ್ತು, ಸಿಸ್ಟರ್‌ಗಳು ಪ್ರೀತಿಯಿಂದ ತಿಂಡಿ ಬೇರೆ ಕೊಡುತ್ತಿದ್ದರು. ಆದರೆ ನಾಳೆಯ ಹರ್ನಿಯಾ ಯಾರಿಗೆ, ಅಪೆಂಡಿಕ್ಸ್ ಯಾರಿಗೆ ಅನ್ನೋದು ತೀರ್ಮಾನ ಆಗುವುದು ಆ ಸರ್ಜನ್ಸ್ ರೂಮಿನಲ್ಲಿ, ಟೀ ಹೊತ್ತಲ್ಲಿ. ನಾವು ಟೋಪಿ ಮಾಸ್ಕ್ ಹಾಕಿಕೊಂಡು ಹೊರಬರುವಷ್ಟರಲ್ಲಿ ಎಲ್ಲ ಹಂಚಿಕೆ ಆಗಿರುತ್ತೆ. ನಮಗೆ ಉಳಿಯೋದು ಡ್ರೆಸ್ಸಿಂಗ್, ಡಿಸ್ಚಾರ್ಜ್ ಸಮ್ಮರಿ, ಬ್ರೆಸ್ಟ್ ಓಪಿಡಿ.

ಒಂದು ರಾತ್ರಿ ಹನ್ನೊಂದಕ್ಕೆ ಹದಿನಾಲ್ಕು ವರ್ಷದ ಹುಡುಗ ಹೊಟ್ಟೆನೋವು ಅಂತ ಬಂದ. ಅಪೆಂಡಿಕ್ಸ್. ಅಡ್ಮಿಟ್ ಮಾಡಿದ್ದು ನಾನು, ರಕ್ತ ತೆಗೆದು ಲ್ಯಾಬ್‌ಗೆ ಓಡಿದ್ದು ನಾನು, ಅವನ ಅಮ್ಮನಿಗೆ ವಿವರಿಸಿ ಕನ್ಸೆಂಟ್ ಬರೆಸಿದ್ದು ನಾನು, ಅರಿವಳಿಕೆ ಡಾಕ್ಟರನ್ನು ಎಬ್ಬಿಸಿದ್ದು ನಾನು, ವಾರ್ಡ್ ಬಾಯ್ ಸಿಗದೆ ಟ್ರಾಲಿ ತಳ್ಳಿದ್ದೂ ನಾನೇ. ಯೂನಿಟ್‌ನ ರೂಢಿ ಪ್ರಕಾರ ಕೇಸ್ ವರ್ಕಪ್ ಮಾಡಿದವರಿಗೇ ಕೇಸ್. ಕೈ ತೊಳೆದು ಗೌನ್ ಹಾಕಿಕೊಂಡು ನಿಂತೆ. ಸೀನಿಯರ್ ಒಳಗೆ ಬಂದವರು ನನ್ನನ್ನು ನೋಡಿ, ಫೋನ್ ಮಾಡಿ, ಹಾಸ್ಟೆಲ್‌ನಲ್ಲಿ ಮಲಗಿದ್ದ ಕೋ-ಪೀಜಿಯನ್ನು ಕರೆಸಿದರು. ಅವನು ಕಣ್ಣುಜ್ಜಿಕೊಂಡು ಬಂದ. "ನೀವು ರಿಟ್ರಾಕ್ಟರ್ ಹಿಡ್ಕೊಳ್ಳಿ ಮೇಡಂ." ಕೊಯ್ದ ಜಾಗ ತೆರೆದಿಡುವ ಆ ಉಪಕರಣವನ್ನು ಮುಕ್ಕಾಲು ಗಂಟೆ ಹಿಡಿದು ನಿಂತೆ. ಕೊನೆಗೆ ಚರ್ಮದ ಹೊಲಿಗೆಯಾದರೂ ಕೊಡುತ್ತಾರೆ ಅಂದುಕೊಂಡೆ, ಅದನ್ನೂ ಅವನೇ ಹಾಕಿದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಹುಡುಗ, ಹೊರಬಂದು ಸಾರಿ ಅಂದ. ಬೆಳಗ್ಗೆ ಆ ತಾಯಿ ನನ್ನನ್ನು ಕರೆದು, "ಸಿಸ್ಟರ್, ಆಪರೇಷನ್ ಮಾಡಿದ ಡಾಕ್ಟ್ರು ಯಾವಾಗ ಬರ್ತಾರೆ?" ಅಂದರು.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ನೀವು ಮಾಡಬೇಡಿ. ನಮ್ಮ ಲಾಗ್ ಬುಕ್‌ನಲ್ಲಿ ಪ್ರತಿ ಆಪರೇಷನ್ ಎದುರು ಬರೀ ನೋಡಿದ್ದಾ, ಅಸಿಸ್ಟ್ ಮಾಡಿದ್ದಾ, ನಾವೇ ಮಾಡಿದ್ದಾ ಅಂತ ಬರೆಯಬೇಕು. ವರ್ಷದ ಕೊನೆಗೆ ಇನ್‌ಸ್ಪೆಕ್ಷನ್ ಅಂತ ಗಡಿಬಿಡಿ. "ಸ್ವಲ್ಪ 'ಮಾಡಿದ್ದು' ಅಂತ ತುಂಬಿಸಿ ಮೇಡಂ, ಎಲ್ಲರೂ ಹಾಗೇ ಮಾಡೋದು" ಅಂದರು. ತುಂಬಿಸಿದೆ. ಆ ಹುಡುಗನ ಅಪೆಂಡಿಕ್ಸ್ ಕೂಡ ನಾನೇ ಮಾಡಿದ್ದು ಅಂತ ಬರೆದೆ. ಆರು ತಿಂಗಳ ಮೇಲೆ ಧೈರ್ಯ ಮಾಡಿ ವಿಭಾಗದ ಮುಖ್ಯಸ್ಥರಾದ ಹೆಚ್‌ಒಡಿ ಹತ್ತಿರ ಹೋದಾಗ ಅವರು ಅದೇ ಪುಸ್ತಕ ತೆಗೆದು ನನ್ನ ಮುಂದಿಟ್ಟರು. "ಇಷ್ಟೊಂದು ಕೇಸ್ ಮಾಡಿದ್ದೀಯಲ್ಲಮ್ಮ, ನಿನ್ನದೇ ಕೈಬರಹ. ಮತ್ತೇನು ಕಂಪ್ಲೇಂಟು?" ನನ್ನ ಬಾಯಿ ಕಟ್ಟಿಹೋಯಿತು. ಏಳುವಾಗ, "ಪರೀಕ್ಷೆಗೆ ನಾವೂ ಕೂತಿರ್ತೀವಿ ಅನ್ನೋದು ನೆನಪಿರಲಿ" ಅಂತ ನಗುತ್ತಲೇ ಅಂದರು. ಪ್ರಾಕ್ಟಿಕಲ್‌ಗೆ ನಾಲ್ವರು ಪರೀಕ್ಷಕರಿದ್ದರೆ ಇಬ್ಬರು ಒಳಗಿನವರು, ಅದು ಎಲ್ಲ ಪೀಜಿಗಳಿಗೂ ಗೊತ್ತು.

ಬಿಟ್ಟು ಹೋಗೋಣ ಅಂದರೆ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳೆಲ್ಲ ಆಫೀಸಿನ ಬೀರುವಿನಲ್ಲಿ, ಮೇಲೆ ಲಕ್ಷಗಟ್ಟಲೆ ದಂಡ. ಸೀಟು ಬಿಡುವವರ ಈ ದಂಡದ ಬಾಂಡ್ ತೆಗೆದುಹಾಕಿ ಅಂತ ವೈದ್ಯ ಶಿಕ್ಷಣ ನಿಯಂತ್ರಿಸುವ ಎನ್‌ಎಂಸಿ 2024ರಲ್ಲಿ ರಾಜ್ಯಗಳಿಗೆ ಹೇಳಿದೆ. ನೀವು ಸೇರುವ ಕಡೆ ಏನಿದೆ ಅಂತ ಬಾಂಡ್ ಪೇಪರ್‌ಗೆ ಸಹಿ ಹಾಕುವ ಮುಂಚೆ ಪೂರ್ತಿ ಓದಿ. ನಮ್ಮಪ್ಪ ಬಸ್ ಕಂಡಕ್ಟರ್. ಆ ದಂಡದ ಮೊತ್ತ ನೋಡಿಯೇ ನಾನು ಉಳಿದುಕೊಂಡೆ.

ಉಳಿಯಲು ಇನ್ನೊಂದು ಕಾರಣವೂ ಆಯಿತು. ಡಿಆರ್‌ಪಿ ಅಂತ ಎಲ್ಲ ಪೀಜಿಗಳೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕಲ್ಲ, ನನ್ನನ್ನೂ ಕಳಿಸಿದರು. ಮೊದಲ ದಿನ ಅಲ್ಲಿನ ಓಟಿ ಸಿಸ್ಟರ್ ಕೇಳಿದ್ದು, "ನಿಮ್ಮ ಗ್ಲೌಸ್ ನಂಬರ್ ಎಷ್ಟು ಮೇಡಂ?" ಆರು ಅಂದೆ. ಆರು ಕೊಟ್ಟರು. ಅಲ್ಲಿನ ಸರ್ಜನ್ ರ‍್ಯಾಂಕ್ ಕೇಳಲಿಲ್ಲ. "ನೀನು ಮಾಡು, ನಾನು ಎದುರಿಗೆ ಇದ್ದೀನಿ" ಅಂದರು. ಆ ಮೂರು ತಿಂಗಳಲ್ಲಿ ಮಾಡಿದಷ್ಟು ಕೇಸ್ ನನ್ನ ಕಾಲೇಜಿನ ಒಂದೂವರೆ ವರ್ಷದಲ್ಲಿ ಮಾಡಿರಲಿಲ್ಲ. ಗಂಟು ಒಂದೂ ಸಡಿಲ ಆಗಲಿಲ್ಲ.

ಇದೆಲ್ಲ ಸಣ್ಣ ವಿಷಯ ಅನ್ನುವವರು ಮುಂಬೈನ ಡಾ. ಪಾಯಲ್ ತಡವಿ ಅವರನ್ನು ನೆನಪಿಸಿಕೊಳ್ಳಿ. ಸ್ತ್ರೀರೋಗ ವಿಭಾಗದ ಎರಡನೇ ವರ್ಷದ ಪೀಜಿ, ಆದಿವಾಸಿ ಸಮುದಾಯದ ಹುಡುಗಿ. 2019ರ ಮೇ 22ರಂದು ಹಾಸ್ಟೆಲ್ ರೂಮಿನಲ್ಲಿ ತೀರಿಕೊಂಡರು. ಮೂವರು ಸೀನಿಯರ್‌ಗಳ ಮೇಲೆ ಜಾತಿ ಹಿಡಿದು ಕಿರುಕುಳ ಕೊಟ್ಟ ಆರೋಪದ ಕೇಸ್ ಆಯಿತು. ಅವರ ಅಮ್ಮ, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಓದುವಾಗ ತೀರಿಕೊಂಡ ರೋಹಿತ್ ವೇಮುಲ ಅವರ ಅಮ್ಮನ ಜೊತೆ ಸೇರಿ, ಕಾಲೇಜುಗಳಲ್ಲಿನ ಜಾತಿ ತಾರತಮ್ಯ ತಡೆಯಬೇಕು ಅಂತ ಸುಪ್ರೀಂ ಕೋರ್ಟ್‌ಗೆ ಹೋದರು. ಆ ಸುದ್ದಿ ಬಂದಾಗ ನಾನು ಎಂಬಿಬಿಎಸ್ ಓದುತ್ತಿದ್ದೆ. ನಮ್ಮ ಕಡೆ ಹೀಗೆಲ್ಲ ಇರಲ್ಲ ಅಂದುಕೊಂಡಿದ್ದೆ.

ಸೀನಿಯರ್‌ಗಳು ಹೊರಗಿಟ್ಟರೆ ಅದೂ ರ‍್ಯಾಗಿಂಗ್ ಅಂತ ನನಗೆ ಬಹಳ ತಡವಾಗಿ ಗೊತ್ತಾಯಿತು. ಜಾತಿ, ಲಿಂಗ, ಭಾಷೆ, ಊರು, ಬಡತನ ಹಿಡಿದು ಒಬ್ಬರನ್ನು ಹೊರಗಿಡುವುದನ್ನೂ ಉನ್ನತ ಶಿಕ್ಷಣ ನೋಡಿಕೊಳ್ಳುವ ಯುಜಿಸಿ 2016ರಲ್ಲೇ ರ‍್ಯಾಗಿಂಗ್ ತಡೆ ನಿಯಮಕ್ಕೆ ಸೇರಿಸಿದೆ. ಮೆಡಿಕಲ್ ಕಾಲೇಜುಗಳಿಗೆ ಎನ್‌ಎಂಸಿಯ 2021ರ ನಿಯಮ ಬೇರೆ ಇದೆ. ಸಹಾಯವಾಣಿ 1800-180-5522. ಬಾಯಲ್ಲಿ ಹೇಳಲು ಹೋಗಬೇಡಿ, ಇಮೇಲ್ ಮಾಡಿ, ತಾರೀಖು ಉಳಿಯುತ್ತೆ. ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು.

ಮೊದಲ ದಿನದಿಂದಲೇ ನಿಮ್ಮದೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಖು, ಯಾವ ಆಪರೇಷನ್, ಯಾರು ಮಾಡಿದರು, ನೀವು ಏನು ಮಾಡಿದಿರಿ. ರೋಗಿಯ ಹೆಸರು ಬರೆಯಬೇಡಿ. ಕಾಲೇಜಿನ ಲಾಗ್ ಬುಕ್‌ನಲ್ಲಿ ಮಾಡದ್ದನ್ನು ಮಾಡಿದೆ ಅಂತ ಯಾರು ಹೇಳಿದರೂ ಬರೆಯಬೇಡಿ, ಇನ್‌ಸ್ಪೆಕ್ಷನ್ ಇದ್ದರೆ ಅವರ ತಲೆನೋವು.

ಸೀಟು ಆರಿಸುವ ಮುಂಚೆ ಆ ವಿಭಾಗದ ಮೂರನೇ ವರ್ಷದ ಹುಡುಗಿ ಯಾರು ಅಂತ ಪತ್ತೆ ಮಾಡಿ. ಕಾಲೇಜಿನವರು ಕೊಡುವ ನಂಬರ್ ಬೇಡ, ನೀವೇ ಹುಡುಕಿ. ಎಷ್ಟು ಅಪೆಂಡಿಕ್ಸ್ ಸ್ವಂತ ಮಾಡಿದ್ದೀರಿ ಅಂತ ಕೇಳಿ. ಓಟಿಯಲ್ಲಿ ಆರು ನಂಬರ್ ಗ್ಲೌಸ್ ಸಿಗುತ್ತಾ ಅಂತಲೂ ಕೇಳಿ. ಆಕೆ ಸ್ವಲ್ಪ ಹೊತ್ತು ಸುಮ್ಮನಾಗಿ "ಕೇಸ್ ಲೋಡ್ ಚೆನ್ನಾಗಿದೆ" ಅಂದರೆ, ಆ ಕಾಲೇಜನ್ನು ಪಟ್ಟಿಯಲ್ಲಿ ಕೆಳಗೆ ಹಾಕಿ.

ಏನಾದರೂ ಕೇಳೋದಿದ್ದರೆ ನನಗೂ ಕೇಳಿ. ಈ ವಾರ ಎಮರ್ಜೆನ್ಸಿ ಡ್ಯೂಟಿ ಇದೆ, ಉತ್ತರ ತಡ ಆಗಬಹುದು.