ಚಿಮಿಣಿ ಎಣ್ಣೆಯೋ, ತೆಂಗಿನೆಣ್ಣೆಯೋ: ಬಿಗಿದು ಕೂತ ಬೀಟಲ್ ಎಂಜಿನ್ನಿನ ಮೇಲೆ ನನ್ನ ಪ್ರಯೋಗ

ಕಾಸರಗೋಡಿನ ಪೆರ್ಲದ ಹತ್ತಿರ ನನ್ನ ಸೋದರಮಾವನ ಅಡಿಕೆ ಶೆಡ್ಡಿನಲ್ಲಿ ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಕಾರು 26 ಮಳೆಗಾಲ ಕಳೆದಿತ್ತು. 1300ರ ಎಂಜಿನ್, ಬೋರ್ (ಸಿಲಿಂಡರಿನ ಒಳವ್ಯಾಸ) 77 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 69, ಒಟ್ಟು 1285 ಸಿ.ಸಿ. ರೇಡಿಯೇಟರ್ ಇಲ್ಲ, ನೀರಿಲ್ಲ, ಫ್ಯಾನಿನ ಗಾಳಿಯೇ ಗತಿ. ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಎಳೆದರೆ ಕಾರೇ ಅಲುಗಿತು, ಎಂಜಿನ್ ಅಲುಗಲಿಲ್ಲ; ತುಕ್ಕಿಗೆ ಪಿಸ್ಟನ್ನುಗಳು ಸಿಲಿಂಡರಿಗೆ ಅಂಟಿ ಕೂತಿದ್ದವು.

ಬಿಡಿಸುವುದಕ್ಕೆ ಊರಿನವರು ತಲೆಗೊಂದು ಎಣ್ಣೆ ಹೇಳಿದರು. ಚಿಮಿಣಿ ಎಣ್ಣೆ ಸಾಕು ಎಂದರು ಪಂಪು ರಿಪೇರಿಯವರು. ಅಂಗಡಿಯವನು ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ ತೋರಿಸಿದ. ಬದಿಯಡ್ಕದ ಮೆಕ್ಯಾನಿಕ್ ಎಟಿಎಫ್, ಅಂದರೆ ಪವರ್ ಸ್ಟಿಯರಿಂಗಿಗೆ ಹಾಕುವ ಕೆಂಪು ಎಣ್ಣೆಗೆ, ಸಮಸಮ ಪೇಂಟಿನ ತಿನ್ನರ್ ಬೆರೆಸಲು ಹೇಳಿ, “ಪತುಕ್ಕೆ, ಪತುಕ್ಕೆ” (ಮಲಯಾಳದಲ್ಲಿ ‘ನಿಧಾನ’) ಎಂದು ಕೈಸನ್ನೆ ಮಾಡಿದ. ಮಾವನದು ಒಂದೇ ಮಾತು: “ತೆಂಗಿನೆಣ್ಣೆ ಹೊಯ್ಯಿ ಮಾರಾಯ, ಅದು ಇಳಿಯದ ಜಾಗ ಉಂಟಾ?” ಸಿಲಿಂಡರ್ ಹೇಗೂ ನಾಲ್ಕು. ಒಂದೊಂದಕ್ಕೆ ಒಂದೊಂದು ಹೊಯ್ದು ನೋಡುವಾ ಎಂದುಕೊಂಡೆ.

ಎಂಜಿನ್ ಗೇರ್‌ಬಾಕ್ಸಿಗೆ ನಿಂತಿರುವುದು ನಾಲ್ಕೇ ಬೋಲ್ಟುಗಳಲ್ಲಿ, ಇಳಿಸುವುದು ಕಷ್ಟವಲ್ಲ. ಫ್ಯಾನಿನ ತಗಡಿನ ಕವಚ ಬಿಚ್ಚಿದಾಗ ಒಳಗೆ ಅಡಿಕೆ ಸಿಪ್ಪೆಯ ಇಲಿಗೂಡು, ಅದರ ಪಕ್ಕದಲ್ಲಿ ಕಣಜ ಕಟ್ಟಿದ ಮಣ್ಣಿನ ಗುಬುಟು. ಗೂಡು ಕೂತದ್ದೂ ಸರಿಯಾಗಿ 3ನೇ ಸಿಲಿಂಡರಿನ ಮೇಲೆ. ಈ ಹಳೇ ಮಾದರಿಯಲ್ಲಿ ಆಯಿಲ್ ಕೂಲರ್ ಅಲ್ಲೇ ಅಡ್ಡ ನಿಂತಿರುವುದರಿಂದ ಆ ಸಿಲಿಂಡರಿಗೆ ಮೊದಲೇ ಗಾಳಿ ಕಡಿಮೆ. ಹೊಯ್ದ ಎಣ್ಣೆಯಿಂದ ಒಂದು ವೇಳೆ ಎಂಜಿನ್ ತಿರುಗಿ ಸ್ಟಾರ್ಟ್ ಆಗಿಬಿಟ್ಟಿದ್ದರೆ ಅರ್ಧ ಗಂಟೆಯಲ್ಲಿ 3ನೆಯದು ಸುಟ್ಟುಹೋಗುತ್ತಿತ್ತು.

ಸಿಲಿಂಡರುಗಳು ಅಡ್ಡ ಮಲಗಿರುವ ಎಂಜಿನ್ ಇದು. ಹಾಗೇ ಹೊಯ್ದರೆ ಎಣ್ಣೆ ನಿಲ್ಲುವುದಿಲ್ಲ. ಸಿಲಿಂಡರಿನ ಮುಚ್ಚಳ, ಅಂದರೆ ಹೆಡ್, ತೆಗೆದು, ಹಳೇ ಟಯರಿನ ಮೇಲೆ ಒಂದು ಮಗ್ಗುಲಿಗೆ ನಿಲ್ಲಿಸಿದೆ. ಮೊದಲ ಎಂಟು ದಿನ 1 ಮತ್ತು 2 ಆಕಾಶ ನೋಡಿದವು, ಆಮೇಲಿನ ಎಂಟು ದಿನ 3 ಮತ್ತು 4.

1ನೆಯದಕ್ಕೆ ಚಿಮಿಣಿ ಎಣ್ಣೆ. ರಾತ್ರಿ ತುಂಬಿಸಿದರೆ ಬೆಳಿಗ್ಗೆ ಖಾಲಿ, ಪಿಸ್ಟನ್ ರಿಂಗಿನ ಸಂದಿಯಲ್ಲಿ ಹರಿದು ಕ್ರ್ಯಾಂಕ್‌ಕೇಸಿಗೆ, ಅಂದರೆ ಎಂಜಿನ್ನಿನ ಹೊಟ್ಟೆಗೆ, ಇಳಿದಿರುತ್ತಿತ್ತು. ಇಳಿಯುತ್ತದೆ, ನಿಲ್ಲುವುದಿಲ್ಲ. ಎಂಟನೇ ದಿನವೂ ಬ್ಯಾರೆಲ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಕೊಳವೆ) ಜಪ್ಪಯ್ಯ ಎನ್ನಲಿಲ್ಲ. 2ನೆಯದಕ್ಕೆ ಸ್ಪ್ರೇ. ಆರನೇ ದಿನ ಬಿಟ್ಟಿತು, ಆದರೆ ಅಷ್ಟರಲ್ಲಿ ಎರಡು ಡಬ್ಬಿ ಮುಗಿದಿತ್ತು. ನಟ್ಟಿಗೆ ಹೊಡೆಯಲು ಒಳ್ಳೆಯದು, ಸಿಲಿಂಡರ್ ತುಂಬಿಸಲು ದುಬಾರಿ. 3ನೆಯದಕ್ಕೆ ಎಟಿಎಫ್–ತಿನ್ನರ್. ತಿನ್ನರ್ ಆರಿಹೋಗದಂತೆ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದೆ, ದಿನಕ್ಕೊಮ್ಮೆ ಕಡ್ಡಿಯಲ್ಲಿ ಕಲಕಿದೆ. ನಾಲ್ಕನೇ ದಿನ ಮರದ ತುಂಡು ಇಟ್ಟು ಎರಡು ಪೆಟ್ಟು ಕೊಟ್ಟದ್ದಷ್ಟೆ, ಬ್ಯಾರೆಲ್ ಬೆರಳಗಲ ಮುಂದೆ ಬಂತು.

4ನೆಯದು ಮಾವನ ಪಾಲು. ಅದು ಡಿಸೆಂಬರ್. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಪಿಸ್ಟನ್ ಮೇಲೆ ಬೆಳ್ಳಗೆ ತುಪ್ಪದ ಹಾಗೆ ಕೂತಿದೆ. ಮಾವ ಇಣುಕಿ, “ಅದಕ್ಕೆ ಸ್ವಲ್ಪ ಬಿಸಿ ಬೇಕು” ಎಂದು ಹೇಳಿ ಒಳಗೆ ಹೋದರು.

ಎಲ್ಲ ಸಿಲಿಂಡರಿನ ತುಕ್ಕೂ ಒಂದೇ ತರ ಇರಲಿಲ್ಲ. 1ರಲ್ಲಿ ವಾಲ್ವ್ ತೆರೆದೇ ಉಳಿದಿದ್ದರಿಂದ ಮಳೆಗಾಲದ ತಂಡಿ ಪೂರ್ತಿ ಒಳಗೆ ಹೋಗಿತ್ತು. ಹಾಗಾಗಿ ಸೋತ 1 ಮತ್ತು 4ಕ್ಕೂ ಕೆಂಪು ಎಣ್ಣೆಯ ಮಿಶ್ರಣವನ್ನೇ ಹೊಯ್ದೆ. 4 ಎರಡು ದಿನಕ್ಕೆ ಬಿಟ್ಟಿತು, 1 ಐದು ದಿನಕ್ಕೆ. ಇನ್ನು ನನ್ನ ಮಟ್ಟಿಗೆ ಬೇರೆ ಎಣ್ಣೆಯ ಮಾತಿಲ್ಲ. 1ನೆಯದಕ್ಕೆ ಆತುರದಲ್ಲಿ ಕಬ್ಬಿಣದ ಸುತ್ತಿಗೆ ಬಳಸಿ ಬ್ಯಾರೆಲನ್ನು ಗಾಳಿಗೆ ತಣಿಸುವ ಒಂದು ರೆಕ್ಕೆ ಮುರಿದದ್ದು ನನ್ನದೇ ತಪ್ಪು. ಬ್ಯಾರೆಲ್ ಎರಕದ ಕಬ್ಬಿಣ, ಬಗ್ಗುವುದಿಲ್ಲ, ಸೀದಾ ಒಡೆಯುತ್ತದೆ.

ಸೈಲೆನ್ಸರಿನ ನಟ್ಟುಗಳಿಗೆ ಮಾತ್ರ ಯಾವ ಎಣ್ಣೆಯೂ ಹಿಡಿಸಲಿಲ್ಲ. ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ, ಬಿಸಿ ಇರುವಾಗಲೇ ಮೇಣದಬತ್ತಿ ಮುಟ್ಟಿಸಿದರೆ ಮೇಣ ಎಳೆ ಎಳೆಯಲ್ಲಿ ಒಳಗೆ ಹೀರಿಕೊಳ್ಳುತ್ತದೆ. ಎಲ್ಲವೂ ಬಂದವು, ಒಂದೂ ತುಂಡಾಗಲಿಲ್ಲ.

ಫ್ಲೈವೀಲಿನ 36 ಮಿ.ಮೀ. ನಟ್ ಬೇರೆಯೇ ಜಾತಿ. ಅದರ ಬಿಗಿ ಸುಮಾರು 35 ಕಿಲೊಗ್ರಾಂ-ಮೀಟರ್, ಅಂದರೆ ಒಂದು ಮೀಟರ್ ಕೋಲಿನ ತುದಿಗೆ 35 ಕಿಲೊ ತೂಗುಹಾಕಿದಷ್ಟು. ನಟ್ಟನ್ನು ಗುದ್ದಿ ತಿರುಗಿಸುವ, ಬಾಡಿಗೆಗೆ ತಂದ ಕರೆಂಟ್ ಇಂಪ್ಯಾಕ್ಟ್ ಗನ್ ಹತ್ತು ನಿಮಿಷ ಗಡಗಡ ಎಂದಿತು, ಅಷ್ಟೆ. ತೋಟದ ಎರಡು ಮೀಟರ್ ಜಿ.ಐ. ಪೈಪನ್ನು ಸ್ಪ್ಯಾನರಿಗೆ ಸಿಕ್ಕಿಸಿ ನಾನೂ ತಮ್ಮನೂ ಜೋತುಬಿದ್ದಾಗ ಕಟ್ ಎಂದು ಬಿಟ್ಟಿತು.

ತೊಳೆಯುವಾಗ ಒಂದು ಎಚ್ಚರ. ತಗಡಿನ ತುಕ್ಕಿಗೆ ಉಪ್ಪುಕಾಗದ ಉಜ್ಜಿ ಕೈ ನೋಯಿಸಿಕೊಂಡೆ. ಹಿತ್ತಲ ಬಿಂಬುಳಿಯ ಹುಳಿಕಾಯಿ ಜಜ್ಜಿ ಒಂದು ರಾತ್ರಿ ಮುಳುಗಿಸಿಟ್ಟದ್ದು ಅದಕ್ಕಿಂತ ಚೊಕ್ಕವಾಯಿತು. ಆದರೆ ಆ ಹುಳಿಯನ್ನು ಕ್ರ್ಯಾಂಕ್‌ಕೇಸಿನ ಹತ್ತಿರ ತರಬೇಡಿ. ಅದು ಮೆಗ್ನೀಸಿಯಂ ಮಿಶ್ರಲೋಹ, ಹುಳಿ ತಿಂದುಹಾಕುತ್ತದೆ. ಅದಕ್ಕೆ ಚಿಮಿಣಿ ಎಣ್ಣೆ ಮತ್ತು ಬ್ರಶ್ಶೇ ಸರಿ.

ನಾನು ನಿಜವಾಗಿ ದುಡ್ಡು ಕಳೆದದ್ದು ಬ್ಯಾರೆಲಿನಲ್ಲಿ. ಹಳೆಯದನ್ನು ಹೋನ್ ಮಾಡಿಸಿ (ಒಳಗೋಡೆಯನ್ನು ಕಲ್ಲಿನಲ್ಲಿ ಉಜ್ಜಿಸಿ) ಹೊಸ ರಿಂಗ್ ಹಾಕಿದರೆ ಸಾಕೆಂದು ಗಡಿಯ ತಲಪಾಡಿ ದಾಟಿ ಮಂಗಳೂರಿನ ಒಂದು ಲೇತ್ ಅಂಗಡಿಗೆ ಕೊಟ್ಟೆ. “ಆಯ್ತು, ಇನ್ನು ಹತ್ತು ವರ್ಷ ನೋಡುವುದು ಬೇಡ” ಎಂದರು. ಹೋನಿಂಗಿನ ಗೀರುಗಳು ಚಂದ ಬಿದ್ದಿದ್ದವು, ಆದರೆ 1ರ ಗೋಡೆಯಲ್ಲಿ ಉಗುರು ಎಳೆದರೆ ತುಕ್ಕು ತಿಂದ ಗುಳಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ರಿಂಗನ್ನು ಒಳಗಿಟ್ಟು ಸಂದು ಅಳೆಯುವ ತೆಳು ತಗಡು, ಅಂದರೆ ಫೀಲರ್ ಗೇಜ್, ತೂರಿಸಿದೆ: ರಿಂಗಿನ ಎರಡು ತುದಿಗಳ ನಡುವಿನ ಬಾಯಿ 0.30ರಿಂದ 0.45 ಮಿ.ಮೀ. ಇರಬೇಕಾದಲ್ಲಿ 0.70. ಕಣ್ಣಿಗೆ ಕಂಡರೂ ಆಸೆ ಬಿಡಲಿಲ್ಲ, ಜೋಡಿಸಿದೆ. ಸ್ಟಾರ್ಟ್ ಆಯಿತು. ಶೆಡ್ಡಿನಲ್ಲಿ ಅಡಿಕೆಗೆ ಹೊಗೆ ಹಾಕಿದ ಹಾಗೆ ನೀಲಿ ಹೊಗೆ.

ಆಮೇಲೆ ಪಿಸ್ಟನ್ ಸಮೇತ ಹೊಸ ಬ್ಯಾರೆಲ್ ಸೆಟ್ಟೇ ತರಿಸಿದೆ. ಹೋನಿಂಗಿನ ಮೂರು ಪಾಲಿಗಿಂತ ಹೆಚ್ಚು ಬಿತ್ತು. ಪುಣ್ಯಕ್ಕೆ ಈ ಎಂಜಿನ್ನಿನಲ್ಲಿ ಬ್ಯಾರೆಲ್ ಬದಲಿಸಲು ಕೇಸ್ ಬಿಚ್ಚಬೇಕಾಗಿಲ್ಲ, ಹೆಡ್ ತೆಗೆದರೆ ಸಾಕು. ಈಗ ಹೊಗೆ ಇಲ್ಲ. ತುಕ್ಕು ಬರೀ ಬಣ್ಣವಾಗಿದ್ದರೆ ಹೋನ್ ಮಾಡಿಸಿ. ಉಗುರಿಗೆ ಸಿಕ್ಕಿದರೆ ಆ ದುಡ್ಡನ್ನೂ ಹೊಸ ಸೆಟ್ಟಿಗೇ ಸೇರಿಸಿ.

ಎರಡೂವರೆ ಲೀಟರ್ ಆಯಿಲ್ ಹಾಕಿ, ತಣ್ಣಗಿರುವಾಗ ವಾಲ್ವ್ ಸಂದು 0.15 ಮಿ.ಮೀ. ಇಟ್ಟು ಎರಡು ತಿಂಗಳಾಯಿತು. ವಾಲ್ವ್ ತೆರೆಯಲು ತಳ್ಳುವ ಪುಶ್‌ರಾಡಿನ ಎಂಟು ಕೊಳವೆಗಳಲ್ಲಿ ಬಲಗಡೆಯ ನಾಲ್ಕು ಹೊಸತು, ಎಡಗಡೆಯ ನಾಲ್ಕು ಹಳೆಯವನ್ನೇ ಎಳೆದು ಉದ್ದ ಮಾಡಿ ಹಾಕಿದ್ದು. ಕಾರಿನಡಿ ಎರಡೂ ಕಡೆ ಅಡಿಕೆ ಹಾಳೆಯ ತಟ್ಟೆ ಇಟ್ಟಿದ್ದೇನೆ. ಬಲಗಡೆಯದು ಒಣಗಿಯೇ ಇದೆ; ಎಡಗಡೆಯದರಲ್ಲಿ ಇವತ್ತು ಬೆಳಿಗ್ಗೆಯೂ ಮೂರು ಹನಿ.