ಎಸಿ: ಸೆನ್ಸರ್ ಬದಲಿಸೋದಾ, ಬೋರ್ಡ್ ಬದಲಿಸೋದಾ?

ರೂಮು ತಣ್ಣಗಾಗುವ ಮೊದಲೇ ಕಂಪ್ರೆಸರ್ ನಿಂತುಬಿಡುತ್ತದೆ. ರಿಪೇರಿಗೆ ಬಂದವರು ಎಸಿಯನ್ನು ನಡೆಸುವ ಸರ್ಕ್ಯೂಟ್ ಬೋರ್ಡೇ ಹೋಗಿದೆ ಅಂತಾರೆ. ಸುಮ್ನೆ ಒಪ್ಪಬೇಡಿ. ಬೋರ್ಡಿಗೆ ಸಾವಿರಗಟ್ಟಲೆ ಬೇಕು, ರೂಮಿನ ಬಿಸಿ ಅಳೆಯುವ ಸೆನ್ಸರಿಗೆ ಕೆಲವು ನೂರು ರೂಪಾಯಿ ಸಾಕು. ನನ್ನ ಮಾತು ಕೇಳಿದರೆ ಮೊದಲು ಸೆನ್ಸರ್ ನೋಡಿಸಿ.

ಮೇನ್ ಆಫ್ ಮಾಡಿಸಿ, ಸೆನ್ಸರಿನ ಪ್ಲಗ್ ಬಿಡಿಸಿ, ಮಲ್ಟಿಮೀಟರ್ ಹಿಡಿಸಿ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಅಳೆಯೋದು ಓಮಿನಲ್ಲಿ) ನೋಡಿಸಿ. ಹಲವು ಎಸಿಗಳಲ್ಲಿ 25 ಡಿಗ್ರಿಗೆ 10 ಕಿಲೋಓಮ್ ಇರುತ್ತದೆ, ಕೆಲವದರಲ್ಲಿ 5. ಸೆನ್ಸರಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿಯಿರಿ. ಮೈಬಿಸಿಗೆ ಅಂಕಿ ನಿಧಾನವಾಗಿ ಇಳಿಯಬೇಕು. ಅಲುಗದೆ ನಿಂತರೆ ಸೆನ್ಸರೇ ಕೆಟ್ಟಿದೆ. ಹೊಸದೂ ಅಷ್ಟೇ ಓಮಿನದಾಗಿರಲಿ. 10ರ ಜಾಗಕ್ಕೆ 5 ಹಾಕಿದರೆ ರೂಮು ಜಾಸ್ತಿ ಬಿಸಿ ಇದೆ ಅಂತ ಎಸಿ ತಪ್ಪು ತಿಳಿಯುತ್ತದೆ.

ಅಂಕಿ ಸರಿಯಾಗಿಯೇ ಇಳಿಯಿತಾ? ಪ್ಲಗ್ಗಿನ ತುಕ್ಕು, ಫಿಲ್ಟರಿನ ಧೂಳು ನೋಡಿಸಿ. ಬೋರ್ಡಿನ ಮಾತು ಆಮೇಲೆ.